ಹರಕೆ ಕೋಳಿ ಕಾವಿಗೆ ಕೂತದ್ದು

ನನಗೆ ಗಡ್ಡ ಒಪ್ಪುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ಮಧುಗಿರಿಯಲ್ಲಿ ನನ್ನನ್ನು ನೋಡಿದ ಹಳಬರು ಈಗಲೂ ಎದುರಾದಾಗ ‘ಆಗ ನಿನ್ನ ಗಡ್ಡದಾಗೆ ಒಂಥರಾ ಕಳೆ ಇತ್ತು ಬುಡಪ್ಪ’ ಎನ್ನುತ್ತಾರೆ. ಕಳೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕೆನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ಬೆಳೆದು, ಗದ್ದದ ಹತ್ತಿರ ಮಾತ್ರ ಗುಂಪುಗೂಡಿ, ಬೆವರಿಗೆ ಕಡಿಯುತ್ತಿದ್ದ ಗಡ್ಡ ಅದು. ಬೇಸಿಗೆಯಲ್ಲಿ ನಮ್ಮ ಬೆಟ್ಟದ ಬಂಡೆ ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಬಿಸಿಯನ್ನು ಊರಿನ ಮೇಲೆ ಬಿಡುತ್ತದೆ. ಆ ಬಿಸಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಗಡ್ಡ ಕೆರೆದುಕೊಂಡವನು ನಾನು. ಕಳೆಯ ಮಾತನ್ನು ನನ್ನ ಹತ್ತಿರ ಆಡಬಾರದು.

ಗಡ್ಡ ಬಿಟ್ಟದ್ದು ನನ್ನ ಇಷ್ಟದಿಂದಲ್ಲ, ಒಂದು ಕೋಳಿಯ ದೆಸೆಯಿಂದ.

ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಕೋಟೆ ಬಾಗಿಲ ಹತ್ತಿರದ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಪೇಟೆ ಬೀದಿಯ ಒಂದು ಜಗಲಿಯಲ್ಲಿ ನನ್ನ ಹೊಲಿಗೆ ಮಿಷನ್ನು, ಪಕ್ಕದ ಜಗಲಿಯಲ್ಲಿ ಒಬ್ಬ ಕ್ಷೌರದವನ ಅಂಗಡಿ. ಆ ಚಳಿಗಾಲ ನನಗೆ ವಿಷಮಜ್ವರ ಬಂತು. ಜ್ವರ ನೆತ್ತಿಗೇರಿ, ಗೋಡೆಯ ಕಡೆ ತಿರುಗಿ ‘ಸೊಂಟದ ಅಳತೆ ಸರಿಯಾಗಿ ಹೇಳಿ’ ಎಂದು ಬಡಬಡಿಸತೊಡಗಿದ ದಿನ ಅವ್ವನ ಧೈರ್ಯ ಕುಸಿಯಿತು. ಹಿತ್ತಲಿಗೆ ಓಡಿ, ಕೈಗೆ ಸಿಕ್ಕ ಕೆಂಚು ಕೋಳಿಯೊಂದನ್ನು ಹಿಡಿದು, ಅದರ ಕಾಲಿಗೆ ಅರಿಶಿನದ ದಾರ ಕಟ್ಟಿ, ಕೆರೆ ಏರಿಯ ಮೇಲಿರುವ ಊರಮ್ಮನ ಗುಡಿಯ ಕಡೆ ತಿರುಗಿ ಹೇಳಿದಳಂತೆ: ‘ತಾಯಿ, ನನ್ನ ಮಗನ್ನ ಉಳಿಸಿಕೊಡು. ಇದೇ ಕೋಳಿನ ನಿನಗೆ ಒಪ್ಪಿಸ್ತೀನಿ. ಒಪ್ಪಿಸೋಗಂಟ ಅವನ ತಲೆಗೂ ಗಡ್ಡಕ್ಕೂ ಕತ್ತಿ ತಾಗಿಸಲ್ಲ.’

ಕೋಳಿಯ ಮಾತು ಸರಿ. ನಡುವೆ ನನ್ನ ಕೂದಲನ್ನು ಯಾಕೆ ತಂದಳು ಎಂದು ನಾನು ಎದ್ದು ಕೂತ ಮೇಲೆ ಕೇಳಿದೆ. ಅವ್ವ ಸಂತೆಯಲ್ಲಿ ಏನೇ ಕೊಂಡರೂ ಕೊಸರು ಕೇಳದೆ ಬಿಟ್ಟವಳಲ್ಲ. ‘ಬರೀ ಒಂದು ಕೋಳಿ ಅಂದ್ರೆ ಆಯಮ್ಮ ಕಮ್ಮಿ ಆಯ್ತು ಅಂದ್ಕಂಡ್ರೆ? ಮೇಲೆ ಒಸಿ ಕೊಸರು ಇರಲಿ ಅಂತ ಸೇರಿಸಿದೆ’ ಎಂದಳು.

ಜ್ವರ ಬಿಟ್ಟಿತು. ನಿತ್ರಾಣಕ್ಕೆ ಹುಂಜದ ಸಾರು ಒಳ್ಳೆಯದೆಂದು ಮನೆಯಲ್ಲಿದ್ದ ಒಂದೇ ಹುಂಜವನ್ನು ಕೊಯ್ದು ಹಾಕಿದಳು. ನಾನು ಮೂಳೆಯನ್ನೂ ಬಿಡದೆ ಚೀಪಿದೆ. ಆ ಹುಂಜದ ಅಗತ್ಯ ಮುಂದೆ ಎಷ್ಟು ಬೀಳುತ್ತದೆಂದು ಗೊತ್ತಿದ್ದರೆ ಗಂಜಿ ಕುಡಿದೇ ಚೇತರಿಸಿಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಹರಕೆ ತೀರಿಸಲು ಅವ್ವ ಒಂದು ಮಂಗಳವಾರ ಗೊತ್ತು ಮಾಡಿದಳು. ನಾನು ಕ್ಷೌರದವನಿಗೆ ಕತ್ತಿ ಮಸೆದಿಡಲು ಹೇಳಿದೆ. ಬೆಳಿಗ್ಗೆ ನೋಡಿದರೆ ಕೋಳಿ ಹಿತ್ತಲಲ್ಲಿ ಇಲ್ಲ. ಅಡುಗೆಮನೆಯ ಮೂಲೆಯ ಹಳೇ ಮಂಕರಿ ಬುಟ್ಟಿಯಲ್ಲಿ, ಮೊಟ್ಟೆ ಇಲ್ಲ ಏನಿಲ್ಲ, ಬರೀ ಹುಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ಕೂತಿದೆ. ಕೈ ಹಾಕಿದರೆ ಮೈಯೆಲ್ಲ ಉಬ್ಬಿಸಿ, ಕೊರ್ರೆಂದು, ಹೆಬ್ಬೆರಳ ಸಂದಿಗೆ ಸರಿಯಾಗಿ ಕುಕ್ಕಿತು.

‘ಕಾವಿಗೆ ಕೂತ್ಬುಟ್ಟದೆ ಕಣ್ಲಾ’ ಎಂದಳು ಅವ್ವ.

‘ಕೂತ್ರೆ ಕೂರಲಿ. ಮಂಕರಿ ಸಮೇತ ಎತ್ಕಂಡು ಹೋಗಾನ.’

‘ಕಾವಿಗೆ ಕೂತದ್ದು ಅಂದ್ರೆ ಬಾಣಂತಿ ಲೆಕ್ಕ. ಬಾಣಂತಿನ ಕೊಯ್ತಾರೇನ್ಲಾ? ಅಂಗೆ ತಗಂಡೋಗಿ ನಿಲ್ಲಿಸಿದ್ರೆ ಆಯಮ್ಮ ನನ್ನ ಮಕ ನೋಡ್ತಾಳಾ?’

‘ಬೇರೆ ಕೋಳಿ ಕೊಡಾನ.’

‘ಇದೇ ಅಂದಿದೀನಿ. ದಾರ ಕಟ್ಟಿದೀನಿ.’

ಅಂದಿನಿಂದ ಕೋಳಿಗೆ ಬಾಣಂತನ ಶುರುವಾಯಿತು. ಮೆಣಸು ಬೆಳ್ಳುಳ್ಳಿ ಕುಟ್ಟಿ ಬೆರೆಸಿದ ಮುದ್ದೆಯ ಚೂರು, ಕುಡಿಯಲು ಉಗುರು ಬೆಚ್ಚಗಿನ ನೀರು. ಗಾಳಿ ತಾಗುತ್ತದೆಂದು ಅಡುಗೆಮನೆಯ ಕಿಟಕಿ ಮುಚ್ಚಿದಳು. ಸಾಯುವ ಹಾಗಿದ್ದ ನನಗೆ ಮುಚ್ಚದ ಕಿಟಕಿ ಅದು. ನಾನು ಜೋರಾಗಿ ಕೆಮ್ಮಿದರೂ ‘ಮೆತ್ತಗೆ ಕಣ್ಲಾ, ಬೆದರ್ತದೆ’ ಎನ್ನುತ್ತಿದ್ದಳು.

ಕಾವು ಬಿಡಿಸಬೇಕಾದರೆ ಕೋಳಿಯನ್ನು ತಣ್ಣೀರಲ್ಲಿ ಅದ್ದಬೇಕೆಂದು ಕ್ಷೌರದವನು ಉಪದೇಶ ಮಾಡಿದ. ಅವ್ವ ಸಂತೆಗೆ ಹೋದ ದಿನ ನೋಡಿ, ಕೋಳಿಯನ್ನು ಎತ್ತಿ ಬಾವಿ ಪಕ್ಕದ ಕಲ್ಲುಬಾನಿಯಲ್ಲಿ ಕತ್ತಿನವರೆಗೂ ಅದ್ದಿದೆ. ಮೇಲಕ್ಕೆತ್ತಿದ ಕೂಡಲೇ ಅದು ಮೈ ಕೊಡವಿದ ರಭಸಕ್ಕೆ ನನ್ನ ಗಡ್ಡದಿಂದ ನೀರು ಇಳಿಯಿತು. ಆ ಕೋಳಿಗೆ ಮೈಮೇಲೆ ಒಂದು ಹನಿ ನೀರು ಬಿದ್ದರೂ ಆಗುತ್ತಿರಲಿಲ್ಲ. ಸೂರಿನಿಂದ ತೊಟ್ಟು ಬಿದ್ದರೂ ನಿಂತಲ್ಲೇ ಬಾಲದ ತನಕ ಕೊಡವಿಕೊಳ್ಳುತ್ತಿತ್ತು. ಹಾಗೆ ಕೊಡವಿಕೊಂಡು, ನನ್ನನ್ನು ಒಮ್ಮೆ ನೋಡಿ, ಒಳಗೆ ನಡೆದು ಮಂಕರಿ ಹತ್ತಿ ಕೂತಿತು. ಅವ್ವ ಬಂದು ಒದ್ದೆ ಕೋಳಿಯನ್ನೂ ಒದ್ದೆ ಗಡ್ಡವನ್ನೂ ನೋಡಿದಳು. ಆ ದಿನವೆಲ್ಲ ನನ್ನ ಜೊತೆ ಮಾತಿಲ್ಲ. ಕೋಳಿಯ ಜೊತೆ ಮಾತ್ರ, ನನಗೆ ಕೇಳುವ ಹಾಗೆ: ‘ನಿನ್ನ ಹರಕೆ ಹೊತ್ತು ಉಳಿಸ್ಕಂಡಿದ್ದು ನೋಡವ್ವ ಇಂಥೋನ್ನ.’

ನನಗೆ ಇಷ್ಟು ಅವಸರ ಇದ್ದದ್ದು ಒಂದು ಹುಡುಗಿಯ ಕಾರಣಕ್ಕೆ.

ಜ್ವರ ಬರುವ ಮೊದಲು, ಪಾವಗಡದ ಕಡೆಯಿಂದ ಒಬ್ಬ ಹುಡುಗಿ ನಮ್ಮ ಬೀದಿಯಲ್ಲಿದ್ದ ತನ್ನ ಸೋದರತ್ತೆಯ ಮನೆಗೆ ಬಂದಿದ್ದಳು. ರವಿಕೆ ಹೊಲಿಸಿಕೊಂಡು ಹೋಗಿ, ಮಾರನೆಯ ದಿನವೇ ವಾಪಸು ತಂದಳು. ‘ಈ ತೋಳಾಗೆ ಇಬ್ರು ತೂರ್ಬೋದು, ಈ ತೋಳಾಗೆ ಒಬ್ಳ ಕೈಯೇ ತೂರಲ್ಲ. ಅಳತೆ ಎರಡು ಕೈದೂ ತಗಂಡ್ರಿ ಕಾದಾ?’ ಎಂದಳು. ಆ ಕಡೆಯವರ ಮಾತೇ ಹಾಗೆ, ಕನ್ನಡದ ಬಾಲಕ್ಕೆ ತೆಲುಗು ಅಂಟಿರುತ್ತದೆ. ಬಿಚ್ಚಿ ಹೊಲಿದುಕೊಟ್ಟೆ. ಮತ್ತೆ ತಂದಳು; ಈಗ ಬಿಗಿಯಿದ್ದದ್ದು ಸಡಿಲವಾಗಿ, ಸಡಿಲವಿದ್ದದ್ದು ಬಿಗಿಯಾಗಿತ್ತು. ನಾನು ಹತ್ತು ಜನರ ಮದುವೆಗೆ ಕೋಟು ಹೊಲಿದವನು, ಅವಳು ಎದುರು ನಿಂತರೆ ಅಳತೆಪಟ್ಟಿಯ ಅಂಕಿಯೇ ಮರೆತುಹೋಗುತ್ತಿತ್ತು. ಇನ್ನೊಮ್ಮೆ ಹೊಲಿದು ಕೊಟ್ಟಾಗ ಅವಳು ನಕ್ಕುಬಿಟ್ಟಳು. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಅವಳನ್ನೇ ಮದುವೆಯಾಗಬೇಕು, ಇಲ್ಲದಿದ್ದರೆ ಬೇಡವೇ ಬೇಡ ಅನ್ನಿಸಿತು.

ಸೋದರತ್ತೆಯ ಮೂಲಕ ಮಾತು ಹೋಯಿತು. ಹುಡುಗಿಯ ಅಪ್ಪ ಒಪ್ಪುವ ಹಾಗೆಯೇ ಇದ್ದನಂತೆ. ಅಷ್ಟರಲ್ಲಿ ‘ಹುಡುಗ ಸನ್ಯಾಸಿ ಆಗವ್ನೆ, ಉದ್ದಕ್ಕೆ ಗಡ್ಡ ಬಿಟ್ಟವ್ನೆ’ ಎಂಬ ಸುದ್ದಿ ಬಸ್ಸು ಹತ್ತಿ ಪಾವಗಡ ಸೇರಿತು. ಅಲ್ಲಿ ಹುಡುಗಿಯ ಅಪ್ಪನಿಗೆ ಅಕ್ಕನ ಮಗನೊಬ್ಬ ಇದ್ದ. ಹೊಸ ಗಾಡಿ, ಜೋಡಿ ಎತ್ತು, ನುಣ್ಣಗಿನ ಗದ್ದ. ‘ವೈಶಾಖದಾಗೆ ಬಂದು ನಾನೇ ನೋಡ್ತೀನಿ. ಸರಿಹೋಗದಿದ್ರೆ ಅಕ್ಕನ ಮಗಂಗೆ ಕೊಟ್ಟು ಕೈತೊಳಕಂತೀನಿ’ ಎಂದು ಅವನು ಹೇಳಿ ಕಳಿಸಿದ.

ನಾನು ಅವ್ವನ ಮುಂದೆ ಕೂತು ಹಣೆ ಹಣೆ ಚಚ್ಚಿಕೊಂಡೆ. ಅವಳು ಯೋಚಿಸಿ ಒಂದು ದಾರಿ ತೋರಿಸಿದಳು. ‘ಬರೀ ಕಾವು ಕೂತ್ರೆ ಸವೆದು ಸತ್ತೋಯ್ತದೆ. ಹರಕೆ ಕೋಳಿ ಸತ್ರೆ ನಿನ್ನ ಗಡ್ಡ ಯಾವತ್ತಿಗೂ ಅಂಗೇ ಇರ್ತದೆ, ತಿಳಕ. ಹೊಟ್ಟೆ ಕೆಳಗೆ ಮೊಟ್ಟೆ ಇಟ್ಟು ಮರಿ ಮಾಡ್ಸಾನ. ಮರಿ ಬೆಳೆದು ಬುಟ್ಟೋದ್ವು ಅಂದ್ರೆ ತಾನೇ ಬಾಣಂತನ ಮುಗೀತದೆ. ಆಮೇಲೆ ಕೊಯ್ಯಾನ.’

ಆದರೆ ಮೊಟ್ಟೆ ಎಲ್ಲಿಂದ ತರುವುದು? ಮರಿಯಾಗುವ ಮೊಟ್ಟೆಗೆ ಹುಂಜ ಬೇಕು, ನಮ್ಮ ಹುಂಜವನ್ನು ನಾನು ಸಾರಿನಲ್ಲಿ ತಿಂದಿದ್ದೆ. ಕೋಳಿಜಾಡ್ಯ ಬಂದು ಬೀದಿಯ ಉಳಿದ ಮನೆಗಳ ಹಿತ್ತಲೂ ಖಾಲಿಯಾಗಿತ್ತು. ಕಾವಿಗೆ ಇಡುವ ಮೊಟ್ಟೆಯನ್ನೇ ಬೇರೆಯಾಗಿ ಮಾರುವ ಅಂಗಡಿ ಶಿರಾದಲ್ಲಿದೆ ಎಂದು ಕೇಳಿ, ಬುಟ್ಟಿ ಹಿಡಿದು ಇದ್ದಿಲ ಬಸ್ಸು ಹತ್ತಿದೆ.

ಶಿರಾದ ಅಂಗಡಿಯವರು ವಯಸ್ಸಾದ ಸಾಹೇಬರು. ಅವರದು ತುಂಬು ಬಿಳಿ ಗಡ್ಡ, ನನ್ನ ಗಡ್ಡ ನೋಡಿ ಅವರಿಗೆ ಕನಿಕರವೇ ಬಂತೆಂದು ಕಾಣುತ್ತದೆ. ಈ ಮೊಟ್ಟೆಗಳಲ್ಲಿ ಮರಿ ಬರುತ್ತದೆಂದು ಹೇಗೆ ನಂಬುವುದು ಎಂದು ಕೇಳಿದೆ. ಅವರು ನನ್ನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಗೋಡೆಯ ಮೇಲೆ ಕತ್ತು ಚಾಚಿಕೊಂಡು ಒಂದು ಹುಂಜ ನಿಂತಿತ್ತು.

‘ನೋಡ್ಕೊಳ್ಳಿ ಜನಾಬ್, ಬಾಪ್ ಇಲ್ಲೇ ಅವ್ನೆ. ಬಾಪ್‌ನ ನೋಡಿ ಅಂಡಾ ತಗೊಳ್ಳಿ. ಮರಿ ಬಿಲ್ಕುಲ್ ಗ್ಯಾರಂಟಿ.’

ಹುಂಜ ನನ್ನನ್ನು ಮೇಲಿಂದ ಕೆಳಗೆ ನೋಡಿತು. ನನಗೆ ಹೆಣ್ಣು ನೋಡಲು ಹೋದವನಂತೆ ಸಂಕೋಚವಾಗಿ ಕೈಮುಗಿಯಲು ಹೋಗಿ ಸುಧಾರಿಸಿಕೊಂಡೆ. ಸಾಹೇಬರು ಒಂದೊಂದೇ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಆರಿಸಿ, ಹುಲ್ಲಿನಲ್ಲಿ ಸುತ್ತಿ ಬುಟ್ಟಿಗಿಟ್ಟು, ‘ಹೋಗ್ತಾ ಅಲ್ಲಾಡಿಸ್ಬೇಡಿ. ಅಲ್ಲಾಡಿದ್ರೆ ಬರ್ಬಾದ್’ ಎಂದರು.

ಇದ್ದಿಲ ಬಸ್ಸಿನಲ್ಲಿ ಅಲ್ಲಾಡದೆ ಬರುವುದೆಂದರೆ ದೇವರಿಗೂ ಆಗದು. ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಗುಂಡಿ ಬಂದಾಗಲೆಲ್ಲ ಸೀಟಿನಿಂದ ಮೇಲೆದ್ದು ತೂಗಿಕೊಂಡು ಬಂದೆ. ದಾರಿಯಲ್ಲಿ ಒಬ್ಬ ಪೇದೆ ಬಸ್ಸು ಹತ್ತಿದ. ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಗಡ್ಡ ಬಿಟ್ಟು ತಲೆತಪ್ಪಿಸಿಕೊಂಡು ಓಡಾಡುವವರ ಮೇಲೆ ಪೊಲೀಸರ ಕಣ್ಣಿತ್ತು. ಅವನು ನನ್ನ ಮುಖ ನೋಡಿದ, ಬುಟ್ಟಿ ನೋಡಿದ, ಬುಟ್ಟಿಯನ್ನು ನಾನು ಅಪ್ಪಿಕೊಂಡ ರೀತಿ ನೋಡಿದ.

‘ಬುಟ್ಟಿಯಾಗೆ ಏನೈತೆ ಸ್ವಾಮಿಗಳೇ?’

‘ಮೊಟ್ಟೆ.’

‘ಸನ್ಯಾಸಿಗಳಿಗೆ ಮೊಟ್ಟೆ ಯಾಕೆ?’

ಈ ಪ್ರಶ್ನೆಗೆ ನನ್ನ ಹತ್ತಿರ ಚಿಕ್ಕ ಉತ್ತರ ಇರಲಿಲ್ಲ. ಜ್ವರದಿಂದ ಶುರು ಮಾಡಬೇಕಿತ್ತು. ನಾನು ತಡವರಿಸುತ್ತಿದ್ದಾಗ ಅವನು ಹುಲ್ಲಿನೊಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದು ಕಿವಿಯ ಹತ್ತಿರ ಹಿಡಿದು ಕುಲುಕಲು ಹೋದ. ನಾನು ಗಂಟಲು ಹರಿಯುವಂತೆ ‘ಅಲ್ಲಾಡಿಸಬೇಡಿ’ ಎಂದು ಕೂಗಿಬಿಟ್ಟೆ. ಬಸ್ಸಿನಲ್ಲಿದ್ದವರೆಲ್ಲ ಬಾಂಬೆಂದುಕೊಂಡು ಸೀಟಿನ ಕೆಳಗೆ ತಲೆ ಹಾಕಿದರು. ಡ್ರೈವರು ಬಸ್ಸು ನಿಲ್ಲಿಸಿ ಜಾಲಿಗಿಡದ ಹಿಂದೆ ಹೋಗಿ ನಿಂತ. ಪೇದೆ ಮಾತ್ರ, ಮೊಟ್ಟೆಯನ್ನು ಹಿಡಿದ ಕೈಯನ್ನು ಮೈಯಿಂದ ದೂರ ಚಾಚಿಕೊಂಡು ಉಸಿರಾಡದೆ ನಿಂತಿದ್ದ. ಕೊನೆಗೆ ನಾನೇ ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದು ಬುಟ್ಟಿಗಿಟ್ಟು, ಜ್ವರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಇಳಿದುಹೋಗುವಾಗ ಅವನು ‘ಮರಿ ಆದ್ರೆ ಹೇಳಿ ಕಳಿಸಿ’ ಎಂದ.

ಇಷ್ಟು ಜೋಪಾನವಾಗಿ ತಂದ ಮೊಟ್ಟೆಗಳನ್ನು ಅವ್ವನ ಕೈಗೆ ಕೊಟ್ಟು ನಾನು ಕಾಲು ತೊಳೆಯಲು ಹೋದೆ. ಬಂದು ನೋಡಿದರೆ ಅವಳು ಅಗಲವಾದ ಕಂಚಿನ ತಟ್ಟೆಯಲ್ಲಿ ಅರಿಶಿನದ ನೀರು ಕಲಸಿ, ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿ, ತೆಂಗಿನ ನಾರು ತಗೊಂಡು ಗಸಗಸ ಉಜ್ಜುತ್ತಿದ್ದಾಳೆ.

‘ಇದೇನವ್ವ?’

‘ಅಂಗಡಿ ಮೊಟ್ಟೆ. ಯಾರ್ಯಾರು ಮುಟ್ಟವ್ರೋ, ಎಲ್ಲೆಲ್ಲಿ ಇಟ್ಟಿದ್ರೋ. ಅಮ್ಮನ ಕೋಳಿ ಕೆಳಗೆ ಮೈಲಿಗೆ ಮೊಟ್ಟೆ ಇಡಕ್ಕಾಯ್ತದಾ?’

‘ನಮ್ಮ ಹಿತ್ತಲ ಮೊಟ್ಟೆ ಯಾವತ್ತೂ ತೊಳೆದಿದ್ದಿಲ್ಲ ನೀನು.’

‘ನಮ್ಮೋರ ಮನೇದನ್ನ ಯಾಕ್ಲಾ ತೊಳೀಬೇಕು? ಪ್ಯಾಟೆಯಿಂದ ಬಂದಿದ್ದನ್ನ ತೊಳೀಬೇಕು.’

ನನಗೂ ಅದು ಸರಿಯಾಗಿಯೇ ಕಂಡಿತು. ಹರಕೆಯ ವಿಷಯದಲ್ಲಿ ಮೈಲಿಗೆ ಆಗಿ ಮತ್ತೊಂದು ತೊಡಕು ಬೇಡ ಎಂದು ನಾನೇ ಒಳ್ಳೆಯ ಬಟ್ಟೆ ಕೊಟ್ಟು ಒರೆಸಲು ನೆರವಾದೆ. ಹಳದಿ ಹಳದಿ ಮೊಟ್ಟೆಗಳನ್ನು ಒಂದೊಂದಾಗಿ ಕೆಳಗಿಟ್ಟಾಗ ಕೋಳಿ ಕೊಕ್ಕಿನಿಂದ ಎಳೆದೆಳೆದು ಹೊಟ್ಟೆಗೆ ಸೇರಿಸಿಕೊಂಡಿತು. ಸಿಡಿಲಿಗೆ ಕೆಡಬಾರದೆಂದು ಅವ್ವ ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲ ಚೂರನ್ನೂ ಇಟ್ಟಳು.

ಮರಿ ಬರಬೇಕಾದ ದಿನ ಬಂತು, ಹೋಯಿತು. ಕ್ಷೌರದವನು ದಿನಾ ಬೆಳಿಗ್ಗೆ ಜಗಲಿಯಿಂದ ‘ಏನಂತಾಳೆ ಬಾಣಂತಿ?’ ಎಂದು ಕೇಳುತ್ತಿದ್ದ. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಮಂಕರಿಯಲ್ಲಿ ಢಬ್ ಎಂದಿತು. ಆ ಬಳಿಕ ಎದ್ದ ವಾಸನೆಯನ್ನು ವರ್ಣಿಸುವುದಿಲ್ಲ. ಮುಚ್ಚಿಟ್ಟ ಕಿಟಕಿಯನ್ನು ಅವ್ವ ತಾನೇ ಎದ್ದು ತೆರೆದಳು. ಉಳಿದ ಮೊಟ್ಟೆಗಳನ್ನು ಒಡೆದು ನೋಡಿದರೆ ಎಲ್ಲವೂ ಕೊಳೆತ ನೀರು.

ನಾನು ಶಿರಾದ ಸಾಹೇಬರನ್ನು ಬೈದೆ, ಆ ಹುಂಜವನ್ನು ಬೈದೆ, ಪೇದೆಯನ್ನೂ ಬೈದೆ. ಅವ್ವ ಕಂಚಿನ ತಟ್ಟೆಯನ್ನು ಬೋರಲು ಹಾಕಿ ಒಳಗಿಟ್ಟಳು. ಕೋಳಿ ಮಾತ್ರ ಖಾಲಿ ಹುಲ್ಲಿನ ಮೇಲೆ ಮತ್ತೆ ಕೂತಿತು. ಅದರ ಎದೆಯ ಮೂಳೆ ಕಾಣುತ್ತಿತ್ತು. ಮಾರನೆಯ ವಾರ ನಾನು ಮತ್ತೆ ಶಿರಾಕ್ಕೆ ಹೋಗಿ, ಮತ್ತೆ ಆ ಮೊಟ್ಟೆಗಳ ಅಪ್ಪನ ದರ್ಶನ ಮಾಡಿ, ಮೊಟ್ಟೆ ತಂದೆ. ಕಂಚಿನ ತಟ್ಟೆ ತೆಗೆದುಕೊಡಲು ಹೋದರೆ ಅವ್ವ ಬೇರೆ ಕಡೆ ನೋಡುತ್ತಾ ಹೇಳಿದಳು: ‘ಈ ಸಲ ತೊಳೆಯೋದು ಬ್ಯಾಡ. ನೀರು ಯಾಕೋ ತಣ್ಣಗೈತೆ.’

ಉರಿಬೇಸಿಗೆಯಲ್ಲಿ, ಮುಟ್ಟಿದರೆ ಸುಡುವ ನೀರು ಅದು. ತೊಳೆದು ಉಜ್ಜಿದ ಮೊಟ್ಟೆ ಕೊಳೆಯುತ್ತದೆಂದು ಅವಳಿಗೆ ಯಾರೋ ಹೇಳಿರಬೇಕು; ನಾನು ತಟ್ಟೆಯನ್ನು ಇದ್ದಲ್ಲೇ ಇಟ್ಟೆ. ಮೈಲಿಗೆಗೆಂದು ಮೊಟ್ಟೆಗಳಿಗೆ ಸಾಂಬ್ರಾಣಿ ಹೊಗೆ ಹಿಡಿದು ಇಟ್ಟಳು.

ಹುಡುಗಿಯ ಅಪ್ಪ ಬರುವ ದಿನ ಹತ್ತಿರವಾಯಿತು, ಕೋಳಿ ಇನ್ನೂ ಕೂತೇ ಇತ್ತು. ಹಿಂದಿನ ದಿನ ಅವ್ವ ಗುಡಿಯ ಕಡೆ ಹೋಗಿ ಬಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಹೋಗು ಮಗ, ಎತ್ಕ. ಪೂಜಾರಿಗೆ ಹೇಳಿ ಬಂದಿದೀನಿ. ಪಾಪ ಬಂದ್ರೆ ನನಗೆ ಬರಲಿ. ನಿನ್ನ ಮದುವೆ ನಿಂತೋಗೋದನ್ನ ನಾನು ನೋಡಕ್ಕಾಗಲ್ಲ’ ಎಂದಳು. ಹೀಗೆ ಅವಳು ಯಾವತ್ತೂ ಸೋತವಳಲ್ಲ. ನನಗೆ ಖುಷಿಯಾಗಬೇಕಿತ್ತು.

ಮಂಕರಿಯ ಮುಂದೆ ಕೂತು ಕೋಳಿಯ ಹೊಟ್ಟೆಯ ಕೆಳಗೆ ಎರಡೂ ಕೈ ತೂರಿಸಿದೆ. ಅದು ಈ ಸಲ ಕುಕ್ಕಲಿಲ್ಲ. ನನ್ನ ಕೈಗೂ ಮೊಟ್ಟೆಗೂ ಒಟ್ಟಿಗೇ ಕಾವು ಕೊಡುವಂತೆ ಇನ್ನಷ್ಟು ಒತ್ತಿ ಕೂತಿತು. ಆಗ ಅಂಗೈಯಲ್ಲಿದ್ದ ಮೊಟ್ಟೆಯೊಳಗಿಂದ ಸಣ್ಣಗೆ ‘ಚಿಂವ್’ ಎಂದು ಕೇಳಿತು. ಕೋಳಿ ತಲೆ ಬಾಗಿಸಿ ಗಂಟಲಲ್ಲೇ ಏನೋ ಉತ್ತರ ಕೊಟ್ಟಿತು. ಒಳಗಿನದು ಮತ್ತೆ ಅಂದಿತು. ನನ್ನ ಕೈ ಅಲ್ಲೇ ನಿಂತುಹೋಯಿತು. ಆ ಹುಡುಗಿ ನನಗೆ ಬೇಕೇ ಬೇಕಾಗಿದ್ದಳು, ಆದರೂ ಎತ್ತಲು ನನ್ನಿಂದ ಆಗಲಿಲ್ಲ. ಕೈ ಹೊರಗೆ ತೆಗೆದು, ‘ಒಳಗೆ ಕೂಗ್ತಾ ಅವೆ ಕಣವ್ವ’ ಎಂದೆ. ಅವ್ವ ಗೋಡೆಗೊರಗಿ ಜೋರಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ‘ಮೆಣಸು ಕುಟ್ಟು ಹೋಗು’ ಎಂದಳು.

ಹುಡುಗಿಯ ಅಪ್ಪ ಬಂದಾಗ ನಾನು ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚಿಕೊಂಡು ಕೂತಿದ್ದೆ. ಅದರಿಂದ ಇನ್ನೂ ಕೆಟ್ಟದಾಗಿ ಕಂಡಿರಬೇಕು. ಆತ ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಕೊಟ್ಟ ಮಜ್ಜಿಗೆ ಕುಡಿಯುತ್ತಾ ನನ್ನನ್ನೇ ನೋಡಿದ.

‘ಏಮಯ್ಯಾ ಅಬ್ಬಾಯಿ, ಈ ಗಡ್ಡಂ ಯಾವಾಗ ತೆಗೀತೀಯ?’

‘ಕೋಳಿ ಎದ್ದ ಮೇಲೆ’ ಎಂದೆ.

ಅವನು ಲೋಟ ಕೆಳಗಿಟ್ಟ. ನಾನು ಮತ್ತೆ ಜ್ವರದಿಂದ ಶುರುಮಾಡಿ ಎಲ್ಲ ಹೇಳಿದೆ. ಅರಿಶಿನದ ನೀರಿನ ಭಾಗಕ್ಕೆ ಬಂದಾಗ ಅವ್ವ ಒಳಗಿಂದ ಕೆಮ್ಮಿದಳು, ಆದರೂ ಹೇಳಿದೆ. ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿ ಮರಿಗಳು ಹೊರಬೀಳತೊಡಗಿದ್ದವು. ಆತ ಎದ್ದು ಬಂದು, ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ರೆಕ್ಕೆಯ ಸಂದಿಯಿಂದ ಇಣುಕುತ್ತಿದ್ದ ಒದ್ದೆ ತಲೆಗಳನ್ನು ನೋಡಿದ. ‘ಗುಡ್ಡು ತೊಳೆದ್ರಾ’ ಎಂದು, ಮೊಟ್ಟೆಗೆ ತೆಲುಗಿನ ಹೆಸರು ಹಿಡಿದು, ತನಗೆ ತಾನೇ ಹೇಳಿಕೊಂಡು, ಮೀಸೆಯ ಒಳಗೇ ನಕ್ಕ. ಆದರೆ ಹೊರಡುವಾಗ ಮಾತು ಗಟ್ಟಿಯಾಗಿಯೇ ಆಡಿದ.

‘ನೋಡಮ್ಮ, ಹುಡುಗ ಒಳ್ಳೇವ್ನು ಇರ್ಬೋದು. ಆದ್ರೆ ಮಕ ಕಾಣದ ಗಂಡಿಗೆ ಪಿಲ್ಲನ ಹೆಂಗೆ ಕೊಡೋದು? ಈ ಗಡ್ಡಂ ಕೆಳಗೆ ಗದ್ದ ಐತೋ ಇಲ್ಲೋ ಯಾರು ಕಂಡವ್ರೆ? ಶ್ರಾವಣ ಬರೋಗಂಟ ಕಾಯ್ತೀನಿ. ಅಷ್ಟರಾಗೆ ಬೋಳಿಸ್ಕಂಡು ನಮ್ಮನೆಗೆ ಬಂದು ಮಕ ತೋರಿಸ್ಲಿ. ಇಲ್ದಿದ್ರೆ ಅಕ್ಕನ ಮಗ ಇದ್ದೇ ಅವ್ನೆ.’

ಮೊಟ್ಟೆ ಕೊಳ್ಳುವಾಗ ನಾನು ಹುಂಜವನ್ನು ನೋಡಿದವನೇ ಆದ್ದರಿಂದ, ಅವನ ಮಾತಿಗೆ ಎದುರು ಹೇಳಲಾಗಲಿಲ್ಲ.

ಅಂದಿನಿಂದ ನಾನು ಮರಿಗಳನ್ನು ಬೆಳೆಸಿದ್ದು ನೋಡಬೇಕಿತ್ತು. ಬೇಗ ಬೆಳೆದು ಬೇಗ ತಾಯಿಯನ್ನು ಬಿಡಲಿ ಎಂದು ನುಚ್ಚು, ಗೆದ್ದಲು, ಕಡಲೆಕಾಯಿ ಹಿಂಡಿ ಎಲ್ಲ ತಂದು ಹಾಕಿದೆ. ಬೆಟ್ಟದ ಹದ್ದುಗಳು ಹಿತ್ತಲ ಮೇಲೆ ಸುತ್ತು ಹಾಕಿದಾಗ ಹೊಲಿಯುವುದನ್ನು ಬಿಟ್ಟು ಗಜಕಡ್ಡಿ ಹಿಡಿದು ಓಡಿಬರುತ್ತಿದ್ದೆ. ಗಡ್ಡ ಜಡೆ ಹಾರಿಸಿಕೊಂಡು ಆಕಾಶಕ್ಕೆ ಬೈಯುತ್ತಾ ಓಡುವ ನನ್ನನ್ನು ಕಂಡು ಸಂತೆಗೆ ಬಂದ ಹೆಂಗಸರು ದಾರಿ ಬಿಟ್ಟು ಕೈಮುಗಿಯುತ್ತಿದ್ದರು. ಒಬ್ಬಾಕೆ ಮಗುವಿಗೆ ವಿಭೂತಿ ಕೇಳಿದಳು. ನಾನು ಹೊಲಿಗೆಯ ಸೀಮೆಸುಣ್ಣ ಹಚ್ಚಿ ಕಳಿಸಿದೆ. ಕೋಳಿಗೂ ನನಗೂ ಒಂದು ಬಗೆಯ ಬಳಕೆಯಾಯಿತು. ನಾನು ಜಗಲಿಯಿಂದ ಬಂದರೆ ಅದು ಮರಿಗಳನ್ನು ನನ್ನ ಹತ್ತಿರ ಬಿಟ್ಟು, 'ಇನ್ನು ನೀನು ನೋಡಿಕೋ' ಎನ್ನುವಂತೆ ಹೋಗಿ ಬೂದಿಯಲ್ಲಿ ಹೊರಳುತ್ತಿತ್ತು.

ಆಷಾಢದ ಕೊನೆಯಲ್ಲಿ ಒಂದು ದಿನ ಅದು ತನ್ನ ಮರಿಯನ್ನೇ ಕುಕ್ಕಿ ಓಡಿಸಿತು. ‘ಬಾಣಂತನ ಮುಗೀತು’ ಎಂದಳು ಅವ್ವ. ಕ್ಷೌರದವನು ಕತ್ತಿ ಮಸೆದ. ಮಂಗಳವಾರ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಕೆರೆ ಏರಿಗೆ ಹೊರಟೆ. ಕಾಲ ಕೆಳಗೆ ರಸ್ತೆ ಸಾಗುತ್ತಿರಲಿಲ್ಲ. ಅದು ಕತ್ತನ್ನು ನನ್ನ ತೋಳಿನ ಮೇಲೆ ಹಾಕಿ ಅರ್ಧ ಕಣ್ಣು ಮುಚ್ಚಿತ್ತು. ತಿಂಗಳುಗಟ್ಟಲೆ ಇದರ ಕತ್ತು ಹೋಗಲಿ ಎಂದು ಕಾದವನು ಈಗ ಅದಕ್ಕೆ ಎಚ್ಚರವಾಗದಿರಲೆಂದು ಹೆಜ್ಜೆ ನಿಧಾನ ಮಾಡಿದೆ.

ನಮ್ಮಲ್ಲಿ ಹರಕೆಯ ಪ್ರಾಣಿಯನ್ನು ಸುಮ್ಮನೆ ಕೊಯ್ಯುವಂತಿಲ್ಲ. ಪೂಜಾರಿ ತೀರ್ಥ ಚಿಮುಕಿಸುತ್ತಾನೆ. ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದರ್ಥ, ಕೊಡವದಿದ್ದರೆ ಒಪ್ಪಿಲ್ಲ. ಈ ಕೋಳಿಯ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ತೊಟ್ಟು ನೀರಿಗೆ ಕೊಡವುವ ಜೀವ. ಪೂಜಾರಿ ಚೊಂಬು ಎತ್ತಿದಾಗ ನಾನು ಕಣ್ಣು ಮುಚ್ಚಿ, ನನಗೇ ಗೊತ್ತಿಲ್ಲದೆ, ‘ಅಲ್ಲಾಡಬೇಡ ತಾಯಿ, ಅಲ್ಲಾಡಬೇಡ’ ಎಂದು ಬೇಡಿಕೊಳ್ಳುತ್ತಿದ್ದೆ. ಅಲ್ಲಾಡದಿದ್ದರೆ ಗಡ್ಡ ಉಳಿಯುತ್ತದೆ, ಹುಡುಗಿ ಹೋಗುತ್ತಾಳೆ ಎಂದು ಗೊತ್ತಿದ್ದೂ ಬೇಡಿಕೊಂಡೆ.

ನೀರು ಬಿತ್ತು. ಕೋಳಿ ಅಲ್ಲಾಡಲಿಲ್ಲ. ಇನ್ನೊಮ್ಮೆ ಚಿಮುಕಿಸಿದ. ಅದು ಬಿಸಿಲಿಗೆ ಕಾದ ಗುಡಿಯ ಕಲ್ಲನ್ನು ಕಾಲಿಂದ ಎರಡು ಸಲ ಕೆದಕಿ, ರೆಕ್ಕೆ ಹರಡಿ, ಮೆಲ್ಲಗೆ ಕೂತುಬಿಟ್ಟಿತು. ಪೂಜಾರಿ ಚೊಂಬಿನ ನೀರನ್ನೆಲ್ಲ ಸುರಿದ. ನೀರು ಕೊಕ್ಕಿನಿಂದ ತೊಟ್ಟಿಕ್ಕಿತು. ಅದು ಮೈ ಉಬ್ಬಿಸಿ ಕೊರ್ರೆಂದಿತು.

‘ಮತ್ತೆ ಕಾವಿಗೆ ಕೂತ್ಬುಟ್ಟದೆ’ ಎಂದಳು ಅವ್ವ.

ಪೂಜಾರಿ ಚೊಂಬು ಕೆಳಗಿಟ್ಟ. ‘ಆಯಮ್ಮಂಗೆ ಇದು ಬ್ಯಾಡ ಕಣಮ್ಮ. ಬುಟ್ಬುಡು.’

‘ಅಂಗಂದ್ರೆ ಹರಕೆ?’

‘ಹರಕೆ ಒಳಗೆ ಇನ್ನೇನಾದ್ರೂ ಅಂದಿದ್ಯಾ?’

ಅವ್ವ ನನ್ನ ಕಡೆ ನೋಡಿದಳು. ನನಗೂ ಆಗಲೇ ಹೊಳೆಯಿತು. ‘ಕೊಸರು’ ಎಂದೆ.

ಹಾಗೆ ಊರಮ್ಮ ಕೋಳಿಯನ್ನು ಬಿಟ್ಟು ಕೊಸರನ್ನು ತೆಗೆದುಕೊಂಡಳು. ಕ್ಷೌರದವನನ್ನು ಏರಿಯ ಮೇಲಕ್ಕೇ ಕರೆಸಿ ಮುಡಿ ಕೊಟ್ಟದ್ದಾಯಿತು. ಮುಡಿ ಎಂದರೆ ಪೂರ್ತಿ. ಗಡ್ಡ, ಮೀಸೆ, ತಲೆ, ಒಂದೂ ಉಳಿಯಲಿಲ್ಲ. ಅಷ್ಟು ದಿನ ಕಾದಿದ್ದ ಸೇಡಿಗೋ ಏನೋ ಅವನು ಎರಡು ಸಲ ಕತ್ತಿ ಆಡಿಸಿದ. ಕೆರೆಯ ನೀರಲ್ಲಿ ನೋಡಿಕೊಂಡೆ. ಶಿರಾದ ಸಾಹೇಬರು ಕಂಡಿದ್ದರೆ ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು.

ಕೂದಲು ಬೆಳೆಯುವವರೆಗೆ ಶ್ರಾವಣ ಕಾಯುವುದಿಲ್ಲ. ಆ ತಲೆಯಲ್ಲೇ ಪಾವಗಡದ ಬಸ್ಸು ಹತ್ತಿ ಹುಡುಗಿಯ ಮನೆಗೆ ಹೋದೆ. ಅವಳಪ್ಪ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿಕೊಂಡು, ‘ಗದ್ದ ಐತೆ’ ಎಂದ. ಅಷ್ಟೇ ಅಂದು ಮಗಳ ಕಡೆ ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ತಲೆ ನೋಡಿ ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು. ಹೋಯಿತು, ಅಕ್ಕನ ಮಗನಿಗೇ ಆಯಿತು ಎಂದುಕೊಂಡೆ.

‘ಆ ಕೋಳಿ ಏನಾಯ್ತು?’ ಎಂದು ಕೇಳಿದಳು.

‘ಅಮ್ಮ ಒಲ್ಲೆ ಅಂದ್ಲು. ಮನೆಯಾಗೆ ಐತೆ. ಮತ್ತೆ ಕಾವಿಗೆ ಕೂತೈತೆ.’

‘ಯಾವ ಗುಡ್ಡು ಮೇಲೆ?’

‘ಬರೀ ಹುಲ್ಲಿನ ಮೇಲೆ.’

ಅವಳ ನಗು ನಿಂತಿತು. ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಏಳಬೇಕೋ ಕೂರಬೇಕೋ ತಿಳಿಯದೆ ಅವಳಪ್ಪನ ಮೀಸೆ ನೋಡುತ್ತಾ ಕೂತೆ. ಅವಳು ಬಂದಾಗ ಸೆರಗು ಮಡಿಚಿ ಹಿಡಿದಿದ್ದಳು, ಅದರ ತುಂಬ ಮೊಟ್ಟೆ. ನನ್ನ ಮುಂದೆ ಹುಲ್ಲು ಹಾಕಿದ ಬುಟ್ಟಿಯಿಟ್ಟು ಒಂದೊಂದಾಗಿ ಜೋಡಿಸಿದಳು.

‘ನಾನು ಸಾಕಿದ ಕೋಳಿಗಳ್ದು. ಬಸ್ಸಾಗೆ ಅಲ್ಲಾಡಿಸ್ಬ್ಯಾಡಿ. ತೊಳೀಬ್ಯಾಡಿ ಅಂತ ನಿಮ್ಮಮ್ಮಂಗೂ ಹೇಳಿ.’

ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಮೇಲೆದ್ದು ತೂಗಿಕೊಂಡು ಮನೆಗೆ ಬಂದೆ. ಅವ್ವ ಹೊಸ್ತಿಲಲ್ಲೇ ಕಾದಿದ್ದಳು. ಬುಟ್ಟಿ ಕೊಟ್ಟು, ಯಾರು ಕೊಟ್ಟದ್ದೆಂದು ಹೇಳಿ, ತೊಳೆಯಬೇಡ ಎಂಬ ಮಾತನ್ನು ಹೇಗೆ ಹೇಳುವುದೆಂದು ತಡವರಿಸಿದೆ. ಅವಳು ಒಂದು ಮೊಟ್ಟೆ ಎತ್ತಿ ಕೆನ್ನೆಗೆ ಒತ್ತಿಕೊಂಡು ನೋಡಿ, ಸೀದಾ ಮಂಕರಿಯ ಹತ್ತಿರ ಹೋಗಿ ಕೋಳಿಯ ಕೆಳಗಿಟ್ಟಳು.

‘ಇದನ್ನ್ಯಾಕ್ಲಾ ತೊಳೀಲಿ’ ಎಂದಳು. ‘ನಮ್ಮೋರ ಮನೇದು.’